ಬೈಕಿನ ಮುಂಗಾಲು ಬಿಚ್ಚಿ ನೋಡುವ ಬಗೆ

ನಮ್ಮ ತೂಬಗೆರೆ ಹೋಬಳಿ ಕಡೆ ರೈತರ ಮನೆ ಮುಂದೆ ಎತ್ತಿನ ಗಾಡಿ ನಿಂತಿರುವುದು ಈಗ ಅಪರೂಪ. ಘಾಟಿ ದನಗಳ ಜಾತ್ರೆಗೆ ಜೋಡಿ ಹಿಡಿದು ಬರುವವರು ಇನ್ನೂ ಇದ್ದಾರೆ. ಆದರೆ ಡೇರಿಗೆ ಹಾಲು, ಹುಳುಮನೆಗೆ ಹಿಪ್ಪುನೇರಳೆ ಸೊಪ್ಪು, ಮಿಲ್ಲಿಗೆ ರಾಗಿ, ದನಕ್ಕೆ ಸೀಮೆಹುಲ್ಲಿನ ಹೊರೆ ಎಲ್ಲ ಹೋಗುವುದು ಬೈಕಿನ ಮೇಲೇ. ಎತ್ತು ಕುಂಟಿದರೆ ಅದರ ಗೊರಸು ಎತ್ತಿ ನೋಡುತ್ತಿದ್ದವರು ನಾವು. ಲಾಳ ಸವೆದಿದೆಯಾ, ಮುಳ್ಳು ಹೊಕ್ಕಿದೆಯಾ ಅಂತ ಹುಡುಕುತ್ತಿದ್ದೆವು. ಬೈಕಿನ ಮುಂಗಾಲು ಎಣ್ಣೆ ಸೋರಿಸಿಕೊಂಡು ನಿಂತಿದ್ದರೂ ಯಾರೂ ಬಗ್ಗಿ ನೋಡಲ್ಲ. ಗರಾಜಿನವನು ಏನು ಹೇಳಿದರೆ ಅದೇ ಸರಿ.

ಎರಡು ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಒಂದು ದುಡ್ಡು. ಬರೀ ಸೀಲು ಹೋಗಿದ್ದರೂ ‘ಪೈಪು ಬೆಂಡಾಗಿದೆ, ಎರಡೂ ಕಾಲು ಹೊಸದು ಹಾಕಬೇಕು’ ಅಂತ ಹೇಳುವವರಿದ್ದಾರೆ. ಒಂದು ಜೊತೆ ಫೋರ್ಕಿನ ಬೆಲೆ ಮುಂದೆ ಸೀಲಿನ ಬೆಲೆ ಲೆಕ್ಕಕ್ಕೇ ಬರಲ್ಲ. ಇನ್ನೊಂದು ಕಾರಣ ದುಡ್ಡಿಗಿಂತ ದೊಡ್ಡದು. ಸೋರಿದ ಎಣ್ಣೆ ಕಾಲಿನ ಮೇಲೆ ಇಳಿದು ಬ್ರೇಕಿನ ಹತ್ತಿರ ಸೇರುತ್ತೆ. ಒಳಗಿನ ಲೈನರಿಗೆ ತಾಗಿತೋ, ಮುಂದಿನ ಬ್ರೇಕು ಹಿಡಿಯೋದೇ ಇಲ್ಲ. ಹಿಂದೆ ಎರಡು ಕ್ಯಾನು ಹಾಲು ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವಾಗ ಇದು ಗೊತ್ತಾದರೆ ಏನು ಗತಿ? ಡಿಸ್ಕ್ ಬ್ರೇಕಿನ ಗಾಡಿಯಲ್ಲಂತೂ ಬಿಲ್ಲೆ ಬಯಲಲ್ಲೇ ಇರುತ್ತೆ, ಎಣ್ಣೆ ತಾಗುವುದು ಇನ್ನೂ ಸುಲಭ.

ನಾನು ಹೇಳುವುದು ನಮ್ಮೆಲ್ಲರ ಮನೆಯಲ್ಲೂ ಇರುವ 100 ಸಿ.ಸಿ. ಗಾಡಿಗಳ ಮಾತು. 1985ರಲ್ಲಿ ಬಂದ ಸಿ.ಡಿ. 100, 1994ರಲ್ಲಿ ಬಂದ ಸ್ಪ್ಲೆಂಡರ್, ಆಮೇಲೆ ಅವುಗಳ ಜಾತಿಯಲ್ಲಿ ಬಂದವು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಲ್ಲೂ ತತ್ವ ಇದೇ, ಬಿಚ್ಚುವ ರೀತಿ ಮಾತ್ರ ಬೇರೆ. ಸ್ಕೂಟರಿನವರು ಇದನ್ನು ಓದಿಕೊಂಡು ಕೈ ಹಾಕಬೇಡಿ, ಹಲವು ಸ್ಕೂಟರುಗಳ ಮುಂಗಾಲಿನ ಕಟ್ಟೇ ಬೇರೆ ಥರ.

ಒಳಗೆ ಏನಿದೆ

ಮುಂದಿನ ಶಾಕಪ್ಸರ್ ಅಂತ ನಾವು ಕರೆಯುವುದನ್ನು ಅಂಗಡಿಯವರು ಫೋರ್ಕು ಅಂತಾರೆ. ಒಂದೊಂದು ಕಾಲೂ ಕೊಳವೆಯೊಳಗೆ ಕೊಳವೆ. ಮೇಲಿನದು ಹೊಳೆಯುವ ಸ್ಟೀಲ್ ಪೈಪು. ಹ್ಯಾಂಡಲ್ ಕೆಳಗಿರುವ ಎರಡು ಟೀಗಳು ಅದನ್ನು ಹಿಡಿದುಕೊಂಡಿರುತ್ತವೆ. ಕೆಳಗಿನದು ಅಲ್ಯೂಮಿನಿಯಮ್ಮಿನದು, ಅದಕ್ಕೆ ಬಾಟಮ್ ಅಂತ ಹೆಸರು. ಚಕ್ರದ ಆಕ್ಸಲ್ ಹೋಗುವುದು ಇದರಲ್ಲಿ. ಗುಂಡಿಗೆ ಚಕ್ರ ಬಿದ್ದಾಗ ಬಾಟಮ್ ಪೈಪಿನ ಮೇಲೆ ಜಾರಿ ಮೇಲೆ ಬರುತ್ತೆ, ಆಮೇಲೆ ಇಳಿಯುತ್ತೆ.

ಪೈಪಿನ ಒಳಗೆ ಉದ್ದನೆ ಸ್ಪ್ರಿಂಗು. ಅದರ ಕೆಳಗೆ ಒಂದು ಸಣ್ಣ ಕೊಳವೆ, ಪಿಸ್ಟನ್ ಅನ್ನುತ್ತಾರೆ. ಅದನ್ನು ಬಾಟಮ್ಮಿನ ತಳದಿಂದ ಒಂದೇ ಒಂದು ಅಲೆನ್ ಬೋಲ್ಟು ಹಿಡಿದುಕೊಂಡಿದೆ. ಈ ಸಣ್ಣ ಕೊಳವೆಗೆ ತೂತುಗಳಿವೆ. ಕಾಲು ಕುಗ್ಗುವಾಗಲೂ ಹಿಗ್ಗುವಾಗಲೂ ಎಣ್ಣೆ ಈ ತೂತುಗಳಲ್ಲೇ ನುಗ್ಗಿ ಹೋಗಬೇಕು.

ಎಣ್ಣೆ ಏನು ಮಾಡುತ್ತೆ ಅಂತ ಗೊತ್ತಾಗಬೇಕಾದರೆ ಹಸುವಿಗೆ ಔಷಧಿ ಕೊಡುವ ದೊಡ್ಡ ಸಿರಿಂಜು ತಗೊಳ್ಳಿ. ನೀರು ತುಂಬಿ ಒತ್ತಿ. ಆಮೇಲೆ ಹರಳೆಣ್ಣೆ ತುಂಬಿ ಒತ್ತಿ. ಕೈಗೆ ಸಿಗುವ ಆ ತಡೆಯೇ ಫೋರ್ಕಿನ ಕೆಲಸ. ಭಾರ ಹೊರುವುದು ಸ್ಪ್ರಿಂಗು, ಸ್ಪ್ರಿಂಗು ಕುಣಿಯದ ಹಾಗೆ ಹಿಡಿಯುವುದು ಎಣ್ಣೆ. ಎಣ್ಣೆ ಖಾಲಿಯಾದರೆ ಒಂದು ಹಂಪ್ ದಾಟಿದ ಮೇಲೆ ಗಾಡಿ ಮೂರು ನಾಲ್ಕು ಸಲ ತಲೆಯಾಡಿಸುತ್ತೆ. ತಲೆಯಾಡಿಸುವಾಗ ಚಕ್ರ ನೆಲ ಬಿಟ್ಟು ಮೇಲೇಳುತ್ತೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಿಡಿದು ಏನು ಪ್ರಯೋಜನ? ಹೀಗೆ ಎಣ್ಣೆಯಿಂದ ತಡೆ ಕೊಡುವ ಕೊಳವೆ ಫೋರ್ಕನ್ನು ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 1935ರಲ್ಲೇ ತನ್ನ ಗಾಡಿಗೆ ಹಾಕಿತ್ತು. ನಮ್ಮ ಸ್ಪ್ಲೆಂಡರಿನದೂ ಅದೇ ವಂಶ.

ಎಣ್ಣೆ ಮೇಲೆ ಬರದ ಹಾಗೆ ತಡೆಯಲು ಬಾಟಮ್ಮಿನ ಬಾಯಲ್ಲಿ ರಬ್ಬರಿನ ಆಯಿಲ್ ಸೀಲು ಇದೆ. ಅದರ ಮೇಲೆ ಲಾಕು, ಲಾಕಿನ ಮೇಲೆ ಧೂಳು ತಡೆಯುವ ಡಸ್ಟ್ ಕವರು. ಕೆಡುವುದರಲ್ಲಿ ಹೆಚ್ಚಿನ ಪಾಲು ಈ ಸೀಲೇ. ಅದನ್ನು ಕೆಡಿಸುವುದು ನಮ್ಮ ಧೂಳು. ಜೆಲ್ಲಿ ಕ್ರಷರಿನ ದಾರಿಯಲ್ಲಿ, ಟಿಪ್ಪರುಗಳ ಹಿಂದೆ ಓಡಾಡುವ ಗಾಡಿಯ ಪೈಪಿಗೆ ಕಲ್ಲಿನ ಪುಡಿ ಅಂಟಿಕೊಳ್ಳುತ್ತೆ. ಪೈಪಿನ ಮೇಲಿನ ಎಣ್ಣೆ ಪಸೆಗೆ ಸೇರಿ ಅದು ಉಪ್ಪುಕಾಗದದ ಹಾಗೆ ಸೀಲಿನ ತುಟಿಯನ್ನು ಉಜ್ಜುತ್ತೆ. ಸಾಯಂಕಾಲ ಗಾಡಿ ನಿಲ್ಲಿಸುವಾಗ ಒಂದು ಒಣ ಬಟ್ಟೆಯಲ್ಲಿ ಎರಡೂ ಪೈಪು ಒರೆಸಿ. ಅರ್ಧ ನಿಮಿಷದ ಕೆಲಸ. ರಬ್ಬರ್ ಬೂಟು ಹಾಕಿದ ಗಾಡಿಯವರು ಬೂಟಿದೆ ಅಂತ ಸುಮ್ಮನಿರಬೇಡಿ. ಬೂಟು ಹರಿದಿದ್ದರೆ ಕೆಸರು ನೀರು ಒಳಗೇ ನಿಂತು ಪೈಪಿಗೆ ತುಕ್ಕು ಹಿಡಿಸುತ್ತೆ, ಹೊರಗೆ ಏನೂ ಕಾಣಲ್ಲ.

ಬಿಚ್ಚುವ ಮುಂಚೆ

ಮುಂದೆ ಟಕ್ ಟಕ್ ಅಂದರೆ ಎಲ್ಲರೂ ಶಾಕಪ್ಸರ್ ಅಂದುಬಿಡ್ತಾರೆ. ಹಾಗಲ್ಲ. ಗಾಡಿಯನ್ನು ಮಧ್ಯದ ಸ್ಟ್ಯಾಂಡಿಗೆ ಹಾಕಿ, ಒಬ್ಬರು ಹಿಂದೆ ಅದುಮಿ ಮುಂದಿನ ಚಕ್ರ ಎತ್ತಲಿ. ನೀವು ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಬಾಟಮ್ ಹಿಡಿದು ಹಿಂದೆ ಮುಂದೆ ಅಲುಗಾಡಿಸಿ. ಇನ್ನೊಬ್ಬರು ಹ್ಯಾಂಡಲಿನ ಕೆಳಗೆ, ಟೀ ಮತ್ತು ಛಾಸಿ ಸೇರುವ ಜಾಗದಲ್ಲಿ ಬೆರಳಿಟ್ಟಿರಲಿ. ಅಲ್ಲಿ ಕಟ್ ಅಂದರೆ ಅದು ಕೋನ್ ಸೆಟ್ಟು, ಫೋರ್ಕಲ್ಲ. ಹ್ಯಾಂಡಲನ್ನು ನಿಧಾನಕ್ಕೆ ಎಡಕ್ಕೂ ಬಲಕ್ಕೂ ತಿರುಗಿಸಿ, ನೇರಕ್ಕೆ ಬಂದಾಗ ಗುಂಡಿಯಲ್ಲಿ ಕೂತ ಹಾಗೆ ಹಿಡಿದರೂ ಕೋನ್ ಸೆಟ್ಟೇ. ಚಕ್ರವನ್ನು ಪಕ್ಕಕ್ಕೆ ತಳ್ಳಿದಾಗ ಆಟ ಇದ್ದರೆ ಚಕ್ರದ ಬೇರಿಂಗು. ಬಾಟಮ್ಮಿನ ಬಾಯಲ್ಲೇ ಪೈಪು ಆಡುತ್ತಿದ್ದರೆ ಆಗ ಮಾತ್ರ ಫೋರ್ಕು ಸವೆದಿದೆ ಅನ್ನಿ.

ಬಿದ್ದ ಗಾಡಿಯಲ್ಲಿ ಹ್ಯಾಂಡಲ್ ಒಂದು ಕಡೆ, ಚಕ್ರ ಒಂದು ಕಡೆ ನೋಡುತ್ತಿದ್ದರೂ ಪೈಪು ಬೆಂಡೇ ಅಂತ ತೀರ್ಮಾನಿಸಬೇಡಿ. ಎಷ್ಟೋ ಸಲ ಟೀಗಳೊಳಗೆ ಪೈಪು ತಿರುಚಿಕೊಂಡಿರುತ್ತೆ, ಅಷ್ಟೇ. ಟೀ ಬೋಲ್ಟುಗಳನ್ನೂ ಆಕ್ಸಲನ್ನೂ ಸಡಿಲ ಮಾಡಿ, ಚಕ್ರವನ್ನು ಎರಡು ಮೊಣಕಾಲ ನಡುವೆ ಅವುಚಿಕೊಂಡು ಹ್ಯಾಂಡಲ್ ತಿರುಗಿಸಿದರೆ ಸರಿಹೋಗುತ್ತೆ. ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಹಂದಿ ಅಡ್ಡ ಬಂದು ಬಿದ್ದಿದ್ದ. ಗರಾಜೊಂದರಲ್ಲಿ ‘ಅಣ್ಣಾ, ಪೂರ್ತಿ ಸೆಟ್ಟೇ ಹಾಕ್ಬೇಕು’ ಅಂದರಂತೆ. ನಮ್ಮ ಅಂಗಳದಲ್ಲಿ ನಾಲ್ಕು ಬೋಲ್ಟು ಸಡಿಲ ಮಾಡಿ ತಿರುಗಿಸಿದೆವು. ‘ಇಷ್ಟೇನಾ ಮಾವ?’ ಅಂದ. ಇಷ್ಟೇ.

ಇನ್ನು ಮುಂದಿನ ಬ್ರೇಕು ಹಿಡಿದು ಹ್ಯಾಂಡಲನ್ನು ಜೋರಾಗಿ ಅದುಮಿ ಬಿಡಿ. ಒಂದು ಸಲ ಮೇಲೆ ಬಂದು ನಿಲ್ಲಬೇಕು. ಕುಣಿದರೆ ಎಣ್ಣೆ ಕಮ್ಮಿ ಅಥವಾ ನೀರಾಗಿದೆ. ಇಳಿಯುವಾಗ ಕಚ್ಚಿಕೊಂಡು ಇಳಿದರೆ ಪೈಪು ಬಾಗಿರಬಹುದು, ಅಥವಾ ಆಕ್ಸಲ್ ಸೊಟ್ಟ ಕೂತು ಎರಡು ಕಾಲನ್ನೂ ಹತ್ತಿರಕ್ಕೆ ಎಳೆದಿರಬಹುದು. ಪೈಪಿನ ಮೇಲೆ ಎಣ್ಣೆಯ ದಪ್ಪ ಉಂಗುರ ನಿಂತಿದ್ದರೆ ಸೀಲು ಹೋಗಿದೆ.

ಬಿಚ್ಚುವುದು

ಗಟ್ಟಿ ನೆಲ ಬೇಕು. ಮಣ್ಣು ನೆಲದಲ್ಲಿ ಸ್ಟ್ಯಾಂಡು ಇಳಿದು ಗಾಡಿ ಮೈಮೇಲೆ ಬರುತ್ತೆ. ಎಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ನೆಲದಿಂದ ಎದ್ದಿರುವ ಹಾಗೆ ಮಾಡಿಕೊಳ್ಳಿ. ಪಾನಾ ಸೆಟ್ಟು, ಅಲೆನ್ ಕೀ, ಸ್ಕ್ರೂಡ್ರೈವರು, ಲಾಕು ತೆಗೆಯುವ ಮೂತಿ ಇಕ್ಕಳ, ಬಿಳಿ ಬೇಸಿನ್ನು, ಸೀಮೆಎಣ್ಣೆ ಅಥವಾ ಡೀಸೆಲ್ಲು, ಹಳೆ ಬಟ್ಟೆ. ಇಷ್ಟು ಸಾಕು. ಒಂದು ಗೋಣಿಚೀಲ ಹಾಸಿ ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಜೋಡಿಸುತ್ತಾ ಹೋಗಿ. ಬಲದ ಕಾಲಿನ ಸಾಮಾನು ಬಲಕ್ಕೆ, ಎಡದ್ದು ಎಡಕ್ಕೆ.

ಬ್ರೇಕ್ ಕೇಬಲು, ಮೀಟರ್ ಕೇಬಲು ಬಿಡಿಸಿ ಆಕ್ಸಲ್ ತೆಗೆದು ಚಕ್ರ ಇಳಿಸಿ. ಡ್ರಮ್ಮಿನ ಒಳಗಿನ ಪುಡಿಯನ್ನು ಬಾಯಲ್ಲಿ ಊದಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಮಡ್‌ಗಾರ್ಡ್ ಬಿಚ್ಚಿ.

ಈಗ ಎಲ್ಲರೂ ಅವಸರ ಮಾಡುವ ಜಾಗ. ಕಾಲನ್ನು ಟೀಯಿಂದ ಎಳೆಯುವ ಮುಂಚೆ, ಮೇಲಿನ ಬೋಲ್ಟು ಮುಟ್ಟುವ ಮುಂಚೆ, ಬಾಟಮ್ಮಿನ ತಳದ ಅಲೆನ್ ಬೋಲ್ಟನ್ನು ಸಡಿಲ ಮಾಡಿಕೊಳ್ಳಬೇಕು. ಯಾಕೆ ಅಂದರೆ ಈ ಬೋಲ್ಟು ಒಳಗಿನ ಪಿಸ್ಟನ್ನಿಗೆ ಹೋಗಿ ಕೂತಿರುತ್ತೆ. ಪಿಸ್ಟನ್ ಒಳಗೆ ಸುತ್ತಲು ಬಿಡುವಾಗಿದೆ. ಸ್ಪ್ರಿಂಗು ಒತ್ತಿಕೊಂಡಿದ್ದರೆ ಅದು ಸುತ್ತಲ್ಲ. ಸ್ಪ್ರಿಂಗು ತೆಗೆದ ಮೇಲೆ ಬೋಲ್ಟು ತಿರುಗಿಸಿದರೆ ಪಿಸ್ಟನ್ನೂ ಜೊತೆಗೇ ಸುತ್ತುತ್ತಾ ಇರುತ್ತೆ, ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ತಿರುಗಿಸಿದರೂ ಬರಲ್ಲ. ಅಲೆನ್ ತೂತಿನಲ್ಲಿ ಕೂತಿರುವ ಮಣ್ಣನ್ನು ಮೊಳೆಯಿಂದ ಕೆದಕಿ, ಕೀ ತಳಮುಟ್ಟ ಕೂತ ಮೇಲೆ ಕೈಯವರು ಬಾಟಮ್ಮನ್ನು ಮೇಲಕ್ಕೆ ಒತ್ತಿ ಹಿಡಿದಿರಲಿ, ನೀವು ಒಂದೇ ಏಟಿಗೆ ತಿರುಗಿಸಿ. ಅಷ್ಟಾಗಿಯೂ ಸುತ್ತಿದರೆ ಇನ್ನೊಂದು ಉಪಾಯ ಇದೆ. ಕಾಲು ಹೊರಗೆ ತೆಗೆದು ಸ್ಪ್ರಿಂಗು ಎಳೆದ ಮೇಲೆ ಉದ್ದನೆಯ ಜಾಲಿ ಕೋಲಿನ ತುದಿಯನ್ನು ಗೂಟದ ಹಾಗೆ ಚೂಪು ಮಾಡಿ, ಮೇಲಿನಿಂದ ಇಳಿಸಿ ಪಿಸ್ಟನ್ನಿನ ಬಾಯಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿ. ಕೋಲು ಕಚ್ಚಿಕೊಳ್ಳುತ್ತೆ. ಒಬ್ಬರು ಕೋಲು ಹಿಡಿದರೆ ಇನ್ನೊಬ್ಬರು ಬೋಲ್ಟು ಬಿಚ್ಚಬಹುದು.

ಅಲೆನ್ ಒಂದು ಸುತ್ತು ಸಡಿಲ ಆದ ಮೇಲೆ ನಿಲ್ಲಿಸಿ, ಪೂರ್ತಿ ಬಿಚ್ಚಿದರೆ ಎಣ್ಣೆ ಅಲ್ಲೇ ಸುರಿಯುತ್ತೆ. ಇನ್ನು ಮೇಲಿನ ಬೋಲ್ಟು. ಇದರ ಕೆಳಗೆ ಸ್ಪ್ರಿಂಗು ಅದುಮಿಕೊಂಡು ಕೂತಿದೆ, ಕೊನೆ ಹಲ್ಲು ಬಿಟ್ಟ ತಕ್ಷಣ ಎಗರುತ್ತೆ. ಮುಖ ಮೇಲಿಟ್ಟುಕೊಂಡು ಬಗ್ಗಬೇಡಿ. ಬಟ್ಟೆ ಮುಚ್ಚಿ ಅಂಗೈಯಲ್ಲಿ ಅದುಮಿಕೊಂಡು ಬಿಚ್ಚಿ. ಆಮೇಲೆ ಕೆಳಗಿನ ಟೀ ಬೋಲ್ಟು ಸಡಿಲ ಮಾಡಿ ಕಾಲನ್ನು ತಿರುಗಿಸುತ್ತಾ ಕೆಳಕ್ಕೆ ಎಳೆದರೆ ಬರುತ್ತೆ. ಹೆಡ್‌ಲೈಟ್ ಹಿಡಿಯುವ ಕವರಿನ ಒಳಗಿನ ರಬ್ಬರುಗಳು ಎಲ್ಲಿದ್ದವು ಅಂತ ನೋಡಿಕೊಳ್ಳಿ.

ಸ್ಪ್ರಿಂಗನ್ನು ಎಳೆಯುವಾಗ ಅದರ ಒತ್ತು ಸುರುಳಿ ಇರುವ ತುದಿ ಮೇಲಿತ್ತೋ ಕೆಳಗಿತ್ತೋ ಗುರುತಿಟ್ಟುಕೊಳ್ಳಿ, ಒಂದು ದಾರ ಕಟ್ಟಿದರಾಯ್ತು. ಎಣ್ಣೆಯನ್ನು ಬಿಳಿ ಬೇಸಿನ್ನಿಗೆ ಬಗ್ಗಿಸಿ, ಪೈಪನ್ನು ಹತ್ತು ಸಲ ಪಂಪು ಹೊಡೆಯಿರಿ. ಡಸ್ಟ್ ಕವರು ಎಬ್ಬಿಸಿ, ಲಾಕು ತೆಗೆದು, ಅಲೆನ್ ಪೂರ್ತಿ ಬಿಚ್ಚಿ ಪೈಪನ್ನು ಹೊರಕ್ಕೆ ಎಳೆಯಿರಿ. ಪಿಸ್ಟನ್ನೂ ಅದರ ಮೇಲಿನ ಗಿಡ್ಡ ಸ್ಪ್ರಿಂಗೂ ಪೈಪಿನ ಮೇಲ್ಬಾಯಿಂದ ಬರುತ್ತವೆ. ಪಿಸ್ಟನ್ನಿನ ಕೆಳತುದಿಗೆ ಕೂರುವ ಸಣ್ಣ ಬಟ್ಟಲಿನಂಥ ತುಂಡು ಬಾಟಮ್ಮಿನ ತಳದಲ್ಲೇ ಉಳಿದಿರಬಹುದು. ಬೋರಲು ಹಾಕಿ ಕುಟ್ಟಿದರೆ ಬೀಳುತ್ತೆ. ಅದು ಕಳೆದರೆ ಕಾಲು ಕೆಳಗೆ ಬಡಿಯುವಾಗ ಮೆತ್ತಗೆ ಹಿಡಿಯುವುದು ಯಾವುದೂ ಇಲ್ಲ.

ಸೀಲು ಎಬ್ಬಿಸುವಾಗ ಸ್ಕ್ರೂಡ್ರೈವರನ್ನು ಬರಿಗೈಲಿ ತುರುಕಿ ಮೀಟಬೇಡಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಸೀಲು ಕೂರುವ ಗೋಡೆಗೆ ಗೀರು ಬಿದ್ದರೆ ಎಷ್ಟು ಸೀಲು ಹಾಕಿದರೂ ಹೊರಗಡೆಯಿಂದ ಸೋರುತ್ತೆ. ಬಾಟಮ್ಮಿನ ಬಾಯಿಗೆ ಕುದಿಯುವ ನೀರು ಸುರಿಯಿರಿ, ಲೋಹ ಹಿಗ್ಗಿ ಹಿಡಿತ ಸಡಿಲವಾಗುತ್ತೆ. ಬಾಯಂಚಿಗೆ ದಪ್ಪ ಬಟ್ಟೆ ಮಡಿಸಿಟ್ಟು ಟೈರ್ ಬಿಚ್ಚುವ ಲಿವರಿನಲ್ಲಿ ಮೀಟಿ.

ಕಣ್ಣು, ಬೆರಳು, ಗಾಜು

ಎಲ್ಲ ತೊಳೆಯುವ ಮುಂಚೆ ಬೇಸಿನ್ನಿನಲ್ಲಿರುವ ಎಣ್ಣೆ ನೋಡಿ. ಸಗಣಿ ನೋಡಿ ದನದ ಹೊಟ್ಟೆ ಹೇಳುವವರು ನಾವು. ಎಣ್ಣೆ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬೋರಿನ ಪೈಪು ಹಿಡಿದು ರಭಸಕ್ಕೆ ಗಾಡಿ ತೊಳೆಯುವವರ ಮನೆಯಲ್ಲಿ ಇದು ಹೆಚ್ಚು. ಬೂದು ಬಣ್ಣ ಇದ್ದು ಬಿಸಿಲಿಗೆ ಹಿಡಿದಾಗ ಬೆಳ್ಳಿ ಪುಡಿಯಂತೆ ಮಿಂಚಿದರೆ ಬಾಟಮ್ಮಿನ ಅಲ್ಯೂಮಿನಿಯಂ ತೇಯುತ್ತಿದೆ. ಬರೀ ಕಪ್ಪಾಗಿ ನಾತ ಬಂದರೆ ಹಳೆಯದಾಗಿದೆ, ಅಷ್ಟೇ. ಎರಡೂ ಕಾಲಿನ ಎಣ್ಣೆಯ ಅಳತೆಯಲ್ಲಿ ಬಹಳ ವ್ಯತ್ಯಾಸ ಇದ್ದರೆ ಕಮ್ಮಿ ಬಂದ ಕಾಲನ್ನು ಹೆಚ್ಚು ಗಮನ ಕೊಟ್ಟು ನೋಡಿ.

ಪೈಪು ಬಾಗಿದೆಯೋ ಇಲ್ಲವೋ ಅನ್ನುವುದಕ್ಕೆ ಯಾರ ಮಾತೂ ಬೇಡ. ಒಂದು ಕಿಟಕಿ ಗಾಜು ಅಥವಾ ಹಳೆ ಕನ್ನಡಿ ತಂದು ಮಟ್ಟಸವಾದ ಮೇಜಿನ ಮೇಲೆ ಮಲಗಿಸಿ. ತೊಳೆದ ಪೈಪನ್ನು ಅದರ ಮೇಲೆ ಉರುಳಿಸಿ. ಹಿಂದಿನಿಂದ ಟಾರ್ಚು ಬಿಡಿ. ನೇರ ಪೈಪು ಸದ್ದಿಲ್ಲದೆ ಉರುಳುತ್ತೆ, ಕೆಳಗೆ ಬೆಳಕು ನುಸುಳಲ್ಲ. ಬಾಗಿದ್ದು ಟಕ ಟಕ ಅಂತ ಕುಂಟುತ್ತೆ, ಉರುಳಿಸಿದ ಹಾಗೆ ಬೆಳಕಿನ ಗೆರೆ ತೆರೆದು ಮುಚ್ಚುತ್ತೆ. ಕಾರ್ಖಾನೆಯ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 0.2 ಮಿಲಿಮೀಟರಿಗಿಂತ ಹೆಚ್ಚು ಸೊಟ್ಟ ಇದ್ದರೆ ಪೈಪು ಬದಲಿಸಿ ಅಂತ ಇರುತ್ತೆ. ಅದನ್ನು ಸರಿಯಾಗಿ ಅಳೆಯಲು ಲೇತಿನವರ ಹತ್ತಿರ ಡಯಲ್ ಗೇಜು ಇರುತ್ತೆ. ಆದರೆ ಗಾಜಿನ ಮೇಲೆ ಕಣ್ಣಿಗೇ ಕಾಣುವ ಕುಂಟು ಇದ್ದರೆ ಗೇಜು ಬೇಕಿಲ್ಲ. ಗುಂಡಿಗೆ ಬಿದ್ದು, ಎದುರಿಗೆ ಗುದ್ದಿ ಬಾಗುವ ಪೈಪು ಹೆಚ್ಚಾಗಿ ಕೆಳಗಿನ ಟೀಗೆ ಹೊಂದಿಕೊಂಡಂತೆ ಅದರ ಕೆಳಗೇ ಬಾಗುತ್ತೆ. ಅಲ್ಲಿ ಬೆರಳು ಸವರಿ, ಕ್ರೋಮಿನಲ್ಲಿ ಕೂದಲೆಳೆಯ ಬಿರುಕು, ಸುಕ್ಕು ಇದೆಯಾ ನೋಡಿ.

ಬಾಗಿದ ಪೈಪನ್ನು ಪ್ರೆಸ್ಸಿನಲ್ಲಿ ಕೊಟ್ಟು ನೇರ ಮಾಡಿಕೊಡುವವರು ಊರೂರಲ್ಲೂ ಇದ್ದಾರೆ. ಸ್ವಲ್ಪ ಬಾಗಿದ್ದು, ಸುಕ್ಕಿಲ್ಲದ್ದು ಆದರೆ ಮಾಡಿಸಿಕೊಳ್ಳುವವರು ಮಾಡಿಸಿಕೊಳ್ಳಲಿ. ಸುಕ್ಕು ಬಿದ್ದಿದ್ದನ್ನು, ಬಿರುಕು ಬಿಟ್ಟಿದ್ದನ್ನು ನೇರ ಮಾಡಿಸಿ ಹಾಕಿಕೊಂಡರೆ ಅದು ಮುರಿಯುವುದು ಹೇಳಿ ಕೇಳಿ ಅಲ್ಲ. ನನ್ನ ಮಟ್ಟಿಗೆ ಅಂಥದ್ದು ಗುಜರಿಗೆ.

ಇನ್ನು ಕ್ರೋಮು. ನಮ್ಮ ತಾಲ್ಲೂಕಿನಲ್ಲಿ ಮಗ್ಗ, ರೇಷ್ಮೆ ಇರುವುದು ಒಳ್ಳೆಯದಾಯ್ತು. ಒಂದು ಎಳೆ ರೇಷ್ಮೆ ವೇಸ್ಟು ತಗೊಂಡು ಪೈಪಿನ ಸುತ್ತ ಹಿಡಿದು ಉದ್ದಕ್ಕೂ ಎಳೆಯಿರಿ. ಕಣ್ಣಿಗೆ ಕಾಣದ ತುಕ್ಕಿನ ಚುಕ್ಕಿಗೂ ಎಳೆ ಸಿಕ್ಕಿಕೊಳ್ಳುತ್ತೆ. ರೇಷ್ಮೆ ಇಲ್ಲದ ಕಡೆ ಹತ್ತಿ ಆಗುತ್ತೆ. ಸಿಕ್ಕಿದ ಜಾಗಕ್ಕೆ ಪೆನ್ನಲ್ಲಿ ಗುರುತು ಮಾಡಿ, ಆ ಜಾಗದ ಮೇಲೆ ಸೀಲು ಓಡಾಡುತ್ತಾ ಇಲ್ಲವಾ ಅಂತ ಲೆಕ್ಕ ಹಾಕಿ. ಟೀಗಳ ನಡುವೆ ಇರುವ ತುಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಸೀಲು ಅಲ್ಲಿಗೆ ಹೋಗಲ್ಲ. ಸೀಲು ಓಡಾಡುವ ಗೇಣುದ್ದದ ಜಾಗದಲ್ಲಿ ಒಂದೆರಡು ಕಲ್ಲೇಟಿನ ಗುರುತು ಎದ್ದುಕೊಂಡಿದ್ದರೆ 1000 ನಂಬರಿನ ವಾಟರ್ ಪೇಪರಿಗೆ ಎಣ್ಣೆ ಹಚ್ಚಿ ಎದ್ದ ಅಂಚನ್ನು ಮಾತ್ರ ತೇಯಿರಿ. ಕ್ರೋಮು ಸಿಪ್ಪೆ ಎದ್ದು ಹೋಗಿದ್ದರೆ, ತುಕ್ಕಿನ ಗುಂಡಿ ಸಾಲಾಗಿದ್ದರೆ ಹೊಸ ಸೀಲು ತಿಂಗಳೂ ಬಾಳಲ್ಲ, ಪೈಪು ಬದಲಿಸಲೇಬೇಕು. ಪದೇ ಪದೇ ಸೀಲು ಹೋಗುತ್ತೆ ಅಂತ ಅಂಗಡಿಯವನನ್ನು ಬೈಯುವವರು ಮೊದಲು ಈ ರೇಷ್ಮೆ ಪರೀಕ್ಷೆ ಮಾಡಿ.

ಬಾಟಮ್ಮಿನ ಒಳಗೆ ಟಾರ್ಚು ಬಿಟ್ಟು ಆಳವಾದ ಗೀರು ಇದೆಯಾ ನೋಡಿ. ನಮ್ಮ ಸಣ್ಣ ಗಾಡಿಗಳಲ್ಲಿ ಬಹುಪಾಲು ಪೈಪು ಅಲ್ಯೂಮಿನಿಯಂ ಮೇಲೇ ಜಾರುತ್ತೆ, ಬೇರೆ ಬುಷ್ ಇಲ್ಲ. ಹಾಗಾಗಿ ಸವೆದರೆ ಬಾಟಮ್ಮೇ ಬದಲಿಸಬೇಕು. ಎಣ್ಣೆ ಹಚ್ಚಿದ ಪೈಪನ್ನು ಒಳಗೆ ಬಿಟ್ಟು ಆಡಿಸಿ ನೋಡಿ. ಹೊಸ ಬಾಟಮ್ಮಿನಲ್ಲಿ ಪೈಪು ಹೇಗೆ ಕೂರುತ್ತೆ ಅಂತ ಅಂಗಡಿಯಲ್ಲಿ ಒಂದು ಸಲ ಕೈಯಲ್ಲಿ ಹಿಡಿದು ನೋಡಿಕೊಂಡರೆ ವ್ಯತ್ಯಾಸ ತಿಳಿಯುತ್ತೆ.

ಎರಡೂ ಸ್ಪ್ರಿಂಗನ್ನು ಪಕ್ಕಪಕ್ಕ ನಿಲ್ಲಿಸಿ. ಒಂದು ಗಿಡ್ಡ ಆಗಿದ್ದರೆ ಎರಡನ್ನೂ ಬದಲಿಸಿ, ಒಂದೇ ಹಾಕಿದರೆ ಗಾಡಿ ಒಂದು ಕಡೆ ಜಗ್ಗುತ್ತೆ. ಎರಡೂ ಸಮನಾಗಿವೆ ಅಂದ ಮಾತ್ರಕ್ಕೆ ಸರಿ ಇವೆ ಅಂತಲೂ ಅಲ್ಲ, ಎರಡೂ ಒಟ್ಟಿಗೇ ಕುಗ್ಗಿರಬಹುದು. ಹೊಸ ಸ್ಪ್ರಿಂಗಿನ ಪಕ್ಕ ಇಟ್ಟು ನೋಡಿ. ಪಿಸ್ಟನ್ನಿನ ತಲೆಯಲ್ಲಿರುವ ತೆಳು ರಿಂಗು ಒಡೆದಿದ್ದರೆ, ಸವೆದು ಪೈಪಿನೊಳಗೆ ಸಡಿಲ ಓಡಾಡಿದರೆ ಎಣ್ಣೆ ತೂತು ಬಿಟ್ಟು ಪಕ್ಕದಲ್ಲಿ ನುಸುಳುತ್ತೆ. ಔಷಧಿ ಹೊಡೆಯುವ ಪಂಪಿನಲ್ಲಿ ವಾಷರು ಹೋದರೆ ಆಗುವುದೂ ಇದೇ ತಾನೆ. ತೂತುಗಳಲ್ಲಿ ಮಡ್ಡಿ ಕೂತಿದ್ದರೆ ತಂತಿ ಹಾಕಿ ಕೆರೆಯಬೇಡಿ, ಸೀಮೆಎಣ್ಣೆಯಲ್ಲಿ ನೆನೆಸಿ ಊದಿ. ತೂತು ಸ್ವಲ್ಪ ದೊಡ್ಡದಾದರೂ ತಡೆ ಬದಲಾಗುತ್ತೆ.

ಅಲೆನ್ ಬೋಲ್ಟಿನ ಕೆಳಗೆ ಒಂದು ವಾಷರಿದೆ. ಹೊಸದು ಸಿಕ್ಕರೆ ಹೊಸದೇ ಹಾಕಿ. ತಾಮ್ರದ್ದಾಗಿದ್ದು ಹೊಸದು ಸಿಗದಿದ್ದರೆ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಕಬ್ಬಿಣದ ಹಾಗಲ್ಲ, ಕಾಯಿಸಿದರೆ ಮೆತ್ತಗಾಗುತ್ತೆ, ಮತ್ತೆ ಚೆನ್ನಾಗಿ ಕೂರುತ್ತೆ.

ಸೀಲು ಕೂರಿಸುವುದು

ಎಲ್ಲ ತೊಳೆದು ಒಣಗಿಸಿ. ಪಿಸ್ಟನ್ನನ್ನು ಗಿಡ್ಡ ಸ್ಪ್ರಿಂಗಿನ ಜೊತೆ ಪೈಪಿನೊಳಗೆ ಬಿಟ್ಟು, ಕೆಳಗೆ ಹೊರಬಂದ ತುದಿಗೆ ಬಟ್ಟಲು ತುಂಡು ಹಾಕಿ, ಪೈಪನ್ನು ಬಾಟಮ್ಮಿಗೆ ಇಳಿಸಿ. ದೊಡ್ಡ ಸ್ಪ್ರಿಂಗನ್ನು ತಾತ್ಕಾಲಿಕವಾಗಿ ಇಟ್ಟು ಅದುಮಿಕೊಂಡು ಅಲೆನ್ ಬಿಗಿ ಮಾಡಿ. ಹಲ್ಲಿಗೆ ಒಂದು ತೊಟ್ಟು ಥ್ರೆಡ್ ಲಾಕ್ ಅಂಟು ಹಚ್ಚಿದರೆ ಬಿಚ್ಚಿಕೊಳ್ಳಲ್ಲ.

ಸೀಲನ್ನು ಪೈಪಿನ ಮೇಲ್ತುದಿಯಿಂದ ಇಳಿಸಬೇಕು. ಪೈಪಿನ ಅಂಚು ಚೂಪು, ಸೀಲಿನ ತುಟಿ ಎಳೆಗೂಸಿನ ತುಟಿಯಷ್ಟು ಸೂಕ್ಷ್ಮ. ಒಂದು ನಂದಿನಿ ಹಾಲಿನ ಕವರನ್ನು ತೊಳೆದು ಒರೆಸಿ, ಪೈಪಿನ ತಲೆಗೆ ಟೋಪಿ ಹಾಕಿದ ಹಾಗೆ ಹಾಕಿ ಎಣ್ಣೆ ಸವರಿ. ತುಟಿಗೂ ಎಣ್ಣೆ ಸವರಿ ಕವರಿನ ಮೇಲಿಂದ ಸೀಲು ಜಾರಿಸಿ. ಸೀಲಿನ ಒಂದು ಮುಖದಲ್ಲಿ ತುಟಿಯನ್ನು ಬಿಗಿದಿರುವ ಕೂದಲಿನಂಥ ಸ್ಪ್ರಿಂಗು ಇದೆ. ಆ ಮುಖ ಎಣ್ಣೆಯ ಕಡೆಗೆ, ಅಂದರೆ ಕೆಳಕ್ಕೆ. ನಂಬರು ಬರೆದಿರುವ ಮುಖ ಮೇಲಕ್ಕೆ. ತಿರುವುಮುರುವು ಹಾಕಿದರೆ ಮೊದಲ ದಿನವೇ ಸೋರುತ್ತೆ.

ಬಡಿದು ಕೂರಿಸಲು ಕಂಪನಿಯವರ ಬಳಿ ಬೇರೆ ಸಾಧನ ಇದೆ. ನಮಗೆ ಹನಿ ನೀರಾವರಿ ಮಾಡಿ ಉಳಿದ ಪಿ.ವಿ.ಸಿ. ಪೈಪಿನ ತುಂಡು ಸಾಕು. ಫೋರ್ಕಿನ ಪೈಪಿನ ಮೇಲೆ ಸಲೀಸಾಗಿ ಇಳಿಯಬೇಕು, ಬಾಟಮ್ಮಿನ ಬಾಯೊಳಗೂ ಹೋಗುವಷ್ಟು ಸಣ್ಣ ಇರಬೇಕು. ತುದಿಯನ್ನು ನೇರ ಕತ್ತರಿಸಿ ಅಂಚು ಉಜ್ಜಿಕೊಳ್ಳಿ. ಹೊಸ ಸೀಲಿನ ಮೇಲೆ ಹಳೆ ಸೀಲು ಇಟ್ಟು, ಅದರ ಮೇಲೆ ಪಿ.ವಿ.ಸಿ. ಇಟ್ಟು, ಒನಕೆಯ ಹಾಗೆ ಮೇಲೆ ಕೆಳಗೆ ಮೆಲ್ಲಗೆ ಕುಟ್ಟಿ. ಸುತ್ತ ಸಮನಾಗಿ ಇಳಿಯಬೇಕು. ಲಾಕು ಕೂರುವ ಗಾಡಿ ಪೂರ್ತಿ ಕಾಣಿಸಿದಾಗ ನಿಲ್ಲಿಸಿ ಹಳೆಯದನ್ನು ತೆಗೆದು, ಲಾಕು ಹಾಕಿ. ಲಾಕು ಸುತ್ತಲೂ ಗಾಡಿಯಲ್ಲಿ ಕೂತಿದೆಯಾ ಅಂತ ಸ್ಕ್ರೂಡ್ರೈವರಿನಲ್ಲಿ ತಿರುಗಿಸಿ ನೋಡಿ. ಆಮೇಲೆ ಡಸ್ಟ್ ಕವರು. ಒಂದೇ ಕಾಲು ಸೋರುತ್ತಿದ್ದರೂ ಎರಡೂ ಸೀಲು ಬದಲಿಸಿ, ಎರಡೂ ಒಂದೇ ಧೂಳು ಕುಡಿದಿವೆ.

ಎಣ್ಣೆಯ ಅಳತೆ

ಎಷ್ಟು ಹಾಕಬೇಕು ಅನ್ನುವುದು ಮಾಡೆಲಿನಿಂದ ಮಾಡೆಲಿಗೆ ಬೇರೆ. ಕೈಪಿಡಿ ನೋಡಿ ಅಥವಾ ಸರ್ವೀಸಿನವರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಕೇಳುವಾಗ ‘ಪೂರ್ತಿ ಬಿಚ್ಚಿ ತೊಳೆದದ್ದಕ್ಕೆ’ ಅಂತ ಕೇಳಿ. ಬರೀ ಎಣ್ಣೆ ಬಸಿದಾಗ ಒಳಗೆ ಸ್ವಲ್ಪ ಉಳಿದಿರುತ್ತೆ, ಆ ಅಳತೆ ಬೇರೆ, ಈ ಅಳತೆ ಬೇರೆ. ಫೋರ್ಕ್ ಆಯಿಲ್ ಅಂತಲೇ ಡಬ್ಬಿ ಸಿಗುತ್ತೆ. ಎಂಜಿನ್ ಆಯಿಲು, ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲು ಸುರಿಯುವವರು ಇದ್ದಾರೆ. ದಪ್ಪ ಎಣ್ಣೆ ತೂತಿನಲ್ಲಿ ಬೇಗ ಹೋಗಲ್ಲ. ಒಂದು ಗುಂಡಿ ಇಳಿದ ಕಾಲು ಮೇಲೆ ಬರುವಷ್ಟರಲ್ಲಿ ಎರಡನೇ ಗುಂಡಿ ಬಂದಿರುತ್ತೆ, ಕಲ್ಲು ದಾರಿಯಲ್ಲಿ ಕೈ ಮರಗಟ್ಟುತ್ತೆ.

ಅಳೆಯಲು ಆ ದನದ ಸಿರಿಂಜೇ ಸಾಕು, ಅದರ ಮೇಲೆ ಮಿಲಿಲೀಟರ್ ಗೆರೆ ಇದೆ. ಎಣ್ಣೆಗೆ ಉಪಯೋಗಿಸಿದ್ದನ್ನು ಮತ್ತೆ ಹಸುವಿಗೆ ಉಪಯೋಗಿಸಬೇಡಿ, ಒಂದು ಹಳೆಯದನ್ನು ಇದಕ್ಕೇ ಇಟ್ಟುಬಿಡಿ. ಸ್ಪ್ರಿಂಗು ಇಲ್ಲದೆ ಕಾಲನ್ನು ನೆಟ್ಟಗೆ ನಿಲ್ಲಿಸಿ ಎಣ್ಣೆ ಬಿಡಿ. ಪೈಪನ್ನು ಎಂಟು ಹತ್ತು ಸಲ ನಿಧಾನಕ್ಕೆ ಎತ್ತಿ ಇಳಿಸಿ, ಒಳಗಿನ ಗಾಳಿ ಗುಳುಗುಳು ಅಂತ ಹೊರಗೆ ಬರಲಿ. ಪೈಪು ಪೂರ್ತಿ ಇಳಿಸಿದಾಗ ಬಾಯಂಚಿನಿಂದ ಎಣ್ಣೆಯ ಮಟ್ಟಕ್ಕೆ ಕಡ್ಡಿ ಇಳಿಸಿ ಅಳೆಯಿರಿ. ಎರಡು ಕಾಲಿನಲ್ಲೂ ಒಂದೇ ಮಟ್ಟ ಬರಬೇಕು. ಇರಲಿ ಅಂತ ಎರಡು ಸಿರಿಂಜು ಜಾಸ್ತಿ ಹಾಕಬೇಡಿ. ಎಣ್ಣೆಯ ಮೇಲೆ ಗಾಳಿಗೆ ಜಾಗ ಬೇಕು, ಇಲ್ಲಾಂದ್ರೆ ಗುಂಡಿಗೆ ಬಿದ್ದಾಗ ಒತ್ತಡ ಹೊಸ ಸೀಲನ್ನೇ ಎತ್ತಿ ಹಾಕುತ್ತೆ.

ಮತ್ತೆ ಜೋಡಿಸುವಾಗ

ಸ್ಪ್ರಿಂಗು ಬಂದ ಹಾಗೇ ಹೋಗಲಿ. ಎರಡು ಕಾಲೂ ಟೀಯಲ್ಲಿ ಒಂದೇ ಎತ್ತರಕ್ಕೆ ಕೂರಬೇಕು. ಟೀ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ, ಚಕ್ರ ಹಾಕಿ, ಗಾಡಿ ಇಳಿಸಿ ಏಳೆಂಟು ಸಲ ಅದುಮಿ. ಕಾಲುಗಳು ತಾವಾಗಿ ಜಾಗ ಹಿಡಿದ ಮೇಲೆ ಕಡೆಯ ಬಿಗಿ.

ಚಕ್ರ ಹಾಕುವಾಗ ಒಂದು ಮಾತ್ರ ಮರೆಯಬೇಡಿ. ಬ್ರೇಕ್ ಪ್ಲೇಟಿನಲ್ಲಿ ಒಂದು ಗಾಡಿ ಇದೆ, ಬಾಟಮ್ಮಿನಲ್ಲಿ ಒಂದು ಮೂತಿ ಇದೆ. ಆ ಮೂತಿ ಈ ಗಾಡಿಯೊಳಗೆ ಕೂರಲೇಬೇಕು. ಬ್ರೇಕು ಹಿಡಿದಾಗ ಪ್ಲೇಟು ಚಕ್ರದ ಜೊತೆ ಸುತ್ತದ ಹಾಗೆ ತಡೆಯುವುದು ಅದೊಂದೇ. ಅದು ಕೂರದೆ ಆಕ್ಸಲ್ ಬಿಗಿದರೂ ಚಕ್ರ ತಿರುಗುತ್ತೆ, ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ. ಮೊದಲ ಸಲ ಬ್ರೇಕು ಜೋರಾಗಿ ಹಿಡಿದಾಗ ಪ್ಲೇಟು ಸುತ್ತಿ ಕೇಬಲು ಎಳೆದು ಚಕ್ರ ಗಕ್ಕನೆ ನಿಲ್ಲುತ್ತೆ, ಸವಾರ ಮುಂದಕ್ಕೆ ಹಾರುತ್ತಾನೆ. ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ.

ಲೈನರಿಗೆ ಎಣ್ಣೆ ತಾಗಿದ್ದರೆ ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವವರಿದ್ದಾರೆ. ಕುಡಿದ ಎಣ್ಣೆ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತೆ. ಬ್ರೇಕ್ ಶೂ ಹೊಸದು ಹಾಕಿ, ಡ್ರಮ್ಮು ಚೆನ್ನಾಗಿ ಒರೆಸಿ.

ಹಳೆ ಎಣ್ಣೆಯನ್ನು ಬೋರಿನ ಹತ್ತಿರವೋ ತಿಪ್ಪೆಗೋ ಸುರಿಯಬೇಡಿ. ಡಬ್ಬಿಯಲ್ಲಿ ಇಟ್ಟರೆ ನೇಗಿಲ ಗುಳಕ್ಕೆ, ಕುಂಟೆ ತಾಳಿಗೆ ಮಳೆಗಾಲ ಮುಗಿದ ಮೇಲೆ ಸವರಿಡಬಹುದು, ತುಕ್ಕು ಹಿಡಿಯಲ್ಲ. ನಾನು ಈ ಕೆಲಸ ಇಟ್ಟುಕೊಳ್ಳುವುದು ರಾಗಿ ಕಣ ಮುಗಿದ ಮೇಲೆ, ಬೆಳಗಿನ ಹಾಲು ಹಾಕಿ ಬಂದು. ಮೊದಲ ಸಲ ಮಾಡುವವರು ಒಂದು ದಿನ ಪೂರ್ತಿ ಬಿಡುವು ಇಟ್ಟುಕೊಳ್ಳಿ, ಸಾಯಂಕಾಲದ ಹಾಲಿಗೆ ಬೇರೆ ಗಾಡಿ ಹೇಳಿಟ್ಟಿರಿ.

ಮೊದಲು ಖಾಲಿ ಗಾಡಿಯಲ್ಲಿ ಊರೊಳಗೇ ಒಂದು ಸುತ್ತು ಹೋಗಿ ಬ್ರೇಕು ಹಿಡಿದು ನೋಡಿ. ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿ. ಹತ್ತು ದಿನ ಬಿಟ್ಟು ಪೈಪಿನ ಮೇಲೆ ಬೆರಳು ಸವರಿ. ಬೆರಳಿಗೆ ತೆಳ್ಳಗೆ ಪಸೆ ಅಂಟಿದರೆ ಅದು ಇರಬೇಕಾದದ್ದೇ, ಸೀಲಿನ ತುಟಿ ಒಣಗಬಾರದು. ಉಂಗುರದ ಹಾಗೆ ದಪ್ಪ ಗೆರೆ ನಿಂತಿದ್ದರೆ ಆ ಕಾಲನ್ನು ಮತ್ತೆ ಬಿಚ್ಚಿ, ರೇಷ್ಮೆ ಎಳೆ ಹಿಡಿದು ಪೈಪನ್ನು ಇನ್ನೊಂದು ಸಲ ನೋಡಿ.